ಭೂಗೋಳ ಪದವಿಗೆ ಹಾಕಿದ ದುಡ್ಡು ಹಿಂದಿರುಗುವುದೇ?

ಪ್ರಶ್ನೆ: ನನ್ನ ಮಗಳು ಕಲಾ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಭೂಗೋಳ ತೆಗೆದುಕೊಂಡು ಬಿ.ಎ. ಓದುವ ಆಸೆ ಅವಳದು. ಭೂಗೋಳ ಓದಿದವರಿಗೆ ಮೇಷ್ಟರ ಕೆಲಸ ಬಿಟ್ಟರೆ ಬೇರೆ ಗತಿಯಿಲ್ಲ, ಬಿ.ಕಾಂ.ಗೆ ಸೇರಿಸಿ ಎಂದು ಬಂಧುಗಳು ಒತ್ತಾಯಿಸುತ್ತಿದ್ದಾರೆ. ನಾವು ಸಣ್ಣ ಹಿಡುವಳಿದಾರರು. ಹಾಕಿದ ದುಡ್ಡಿನ ಲೆಕ್ಕ ನೋಡದೆ ವಿಧಿಯಿಲ್ಲ. ತಮ್ಮ ಸಲಹೆ ಏನು?
– ಓದುಗರೊಬ್ಬರು, ಸಿಂಧನೂರು

ಉತ್ತರ: ಶುಲ್ಕದ ಲೆಕ್ಕ ಬೇಗ ಮುಗಿಯುತ್ತದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ.ಗೂ ಬಿ.ಕಾಂ.ಗೂ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿರುವುದರಿಂದ ನಾಲ್ಕನೆಯ ವರ್ಷದ ಹೊರೆಯೂ ಇಲ್ಲ. ನಿಜವಾದ ಖರ್ಚು ಇರುವುದು ಪದವಿ ಕೈಗೆ ಬಂದ ಮೇಲೆ, ನೇಮಕಾತಿ ಅಧಿಸೂಚನೆಗಾಗಿ ಕಾಯುವ ವರ್ಷಗಳಲ್ಲಿ. ಧಾರವಾಡದಲ್ಲೋ ಬೆಂಗಳೂರಿನಲ್ಲೋ ರೂಮು ಬಾಡಿಗೆ, ಮೆಸ್ಸು, ಕೋಚಿಂಗ್ ಎಂದು ಮನೆಯಿಂದ ಹರಿದುಹೋಗುವ ಹಣ ಮೂರು ವರ್ಷದ ಶುಲ್ಕವನ್ನು ಎಷ್ಟೋ ಪಟ್ಟು ಮೀರುತ್ತದೆ. ಆ ವರ್ಷಗಳಲ್ಲಿ ದುಡಿದು ತರಬಹುದಾಗಿದ್ದ ಸಂಬಳವೂ ಅದೇ ಲೆಕ್ಕಕ್ಕೆ ಸೇರಬೇಕು. ಪ್ರವೇಶದ ದಿನ ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಆದ್ದರಿಂದ ಭೂಗೋಳಕ್ಕೆ ಬೆಲೆ ಇದೆಯೇ ಎಂದು ಕೇಳುವುದಕ್ಕಿಂತ, ಕಾಯುವ ಕಾಲವನ್ನು ಮಗಳು ಖಾಲಿ ಕೈಯಲ್ಲಿ ಕಳೆಯುತ್ತಾಳೆಯೇ, ಕೈಯಲ್ಲೊಂದು ಕೆಲಸ ಇಟ್ಟುಕೊಂಡು ಕಳೆಯುತ್ತಾಳೆಯೇ ಎಂದು ಕೇಳುವುದು ಒಳ್ಳೆಯದು.

ಮೇಷ್ಟರ ಕೆಲಸವನ್ನು ಬಂಧುಗಳು ಹಗುರವಾಗಿ ಕಂಡಿದ್ದಾರೆ. ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರಿ ಸೇವೆಯಲ್ಲಿ ಕನಿಷ್ಠ ಮೂಲ ವೇತನವೇ 27,000 ರೂಪಾಯಿ. ಶಿಕ್ಷಕರ ವೇತನ ಶ್ರೇಣಿ ಅದಕ್ಕಿಂತ ಸಾಕಷ್ಟು ಮೇಲಿನಿಂದ ಆರಂಭವಾಗುತ್ತದೆ. ಜೊತೆಗೆ ಸಂವಿಧಾನದ 371ಜೆ ವಿಧಿಯ ಅನುಕೂಲ ರಾಯಚೂರು ಜಿಲ್ಲೆಯ ಮಕ್ಕಳಿಗಿದೆ: ಈ ಭಾಗದ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80ರಷ್ಟು ಕಲ್ಯಾಣ ಕರ್ನಾಟಕದವರಿಗೇ ಮೀಸಲು. ಇದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ (ಎಸಿ) ಕಚೇರಿಯಿಂದ ಈಗಲೇ ಮಾಡಿಸಿಟ್ಟುಕೊಳ್ಳಿ. ಅರ್ಜಿಯ ಕೊನೆಯ ವಾರದಲ್ಲಿ ಅಲ್ಲಿನ ಸಾಲನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ದಾರಿ ಉದ್ದವಾದುದು. ಮೂರು ವರ್ಷದ ಪದವಿ, ಎರಡು ವರ್ಷದ ಬಿ.ಇಡಿ., ಬಳಿಕ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ), ಆಮೇಲೆ ಸ್ಪರ್ಧಾತ್ಮಕ ಪರೀಕ್ಷೆ. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಅಧಿಸೂಚನೆ ಹೊರಟಾಗ ಇಡೀ ಕಲ್ಯಾಣ ಕರ್ನಾಟಕ ಹುರುಪುಗೊಂಡಿತ್ತು. ಆಯ್ಕೆ ಪಟ್ಟಿ ಹೈಕೋರ್ಟಿನ ಮೆಟ್ಟಿಲೇರಿ, ಪ್ರಕ್ರಿಯೆ 2023ರವರೆಗೂ ಎಳೆಯಿತು. ಇನ್ನೊಂದು ಮಾತು: ಶಿಕ್ಷಕರ ನೇಮಕಾತಿಯಲ್ಲಿ ಪದವಿಯ ಐಚ್ಛಿಕ ವಿಷಯಗಳನ್ನು ನೋಡುತ್ತಾರೆ. ಆದಕಾರಣ ಭೂಗೋಳದ ಜೊತೆಗೆ ಇತಿಹಾಸ, ಅರ್ಥಶಾಸ್ತ್ರ ಅಥವಾ ರಾಜ್ಯಶಾಸ್ತ್ರ ಇರುವ ಕಾಂಬಿನೇಷನ್ ಆರಿಸಿಕೊಳ್ಳಲಿ.

ಇನ್ನು ಕೈಯಲ್ಲಿರಬೇಕಾದ ಕೆಲಸದ ವಿಚಾರ. ಭೂಗೋಳದ ಪಠ್ಯದಲ್ಲಿ ಮಾರುಕಟ್ಟೆಗೆ ಬೇಕಾದ ಭಾಗ ಒಂದೇ, ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮತ್ತು ಸ್ಥಳದ ಮಾಹಿತಿಯನ್ನು ಜೋಡಿಸುವ ವಿದ್ಯೆ) ಮತ್ತು ದೂರಸಂವೇದನೆ (ಉಪಗ್ರಹ ಚಿತ್ರಗಳಿಂದ ನೆಲವನ್ನು ಓದುವ ವಿದ್ಯೆ). ದುರದೃಷ್ಟವಶಾತ್ ನಮ್ಮ ಹಲವು ಕಾಲೇಜುಗಳಲ್ಲಿ ಅದು ಪ್ರಾಯೋಗಿಕ ದಾಖಲೆ ಪುಸ್ತಕದ ಕೆಲವು ಪುಟಗಳಿಗೆ ಸೀಮಿತವಾಗಿದೆ. ಅದನ್ನು ಕಲಿಯಲು ದುಡ್ಡು ಬೇಕಿಲ್ಲ. ಜಿಐಎಸ್ ಕೆಲಸಕ್ಕೆ ಬಳಸುವ ಕ್ಯೂಜಿಐಎಸ್ ತಂತ್ರಾಂಶ ಉಚಿತ. ಡೆಹ್ರಾಡೂನಿನಲ್ಲಿರುವ ಇಸ್ರೋದ ಭಾರತೀಯ ದೂರಸಂವೇದನಾ ಸಂಸ್ಥೆ ಆನ್‌ಲೈನ್‌ನಲ್ಲಿ ಉಚಿತ ಕೋರ್ಸುಗಳನ್ನು ನಡೆಸಿ ಪ್ರಮಾಣಪತ್ರವನ್ನೂ ಕೊಡುತ್ತದೆ. ಒಂದು ಲ್ಯಾಪ್‌ಟಾಪ್ ಮಾತ್ರ ಕೊಡಿಸಬೇಕಾಗುತ್ತದೆ, ಈ ಪದವಿಗೆ ನೀವು ಹಾಕುವ ದೊಡ್ಡ ಬಂಡವಾಳ ಅದೇ.

ಕಲಿತದ್ದನ್ನು ತೋರಿಸಲು ಸಿಂಧನೂರಿಗಿಂತ ಒಳ್ಳೆಯ ಜಾಗ ಬೇಕೇ? ತುಂಗಭದ್ರಾ ಎಡದಂಡೆ ನಾಲೆಯ ಒಂದು ವಿತರಣಾ ಕಾಲುವೆಯನ್ನು ಆರಿಸಿಕೊಳ್ಳಲಿ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ದೊರೆಯುವ ಗ್ರಾಮ ನಕ್ಷೆಗಳನ್ನು ಇಳಿಸಿಕೊಂಡು, ಹಳ್ಳದ ಕೂಡು, ರಸ್ತೆಯ ತಿರುವು, ಗ್ರಾಮದ ಗಡಿ ಸೇರುವ ಜಾಗ ಇವುಗಳನ್ನು ಗುರುತು ಮಾಡಿಕೊಂಡು ಅಕ್ಷಾಂಶ ರೇಖಾಂಶಗಳಿಗೆ ಕೂರಿಸಲಿ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಐದು ದಿನಕ್ಕೊಮ್ಮೆ, 10 ಮೀಟರ್ ಸ್ಪಷ್ಟತೆಯಲ್ಲಿ, ಉಚಿತವಾಗಿ ಸಿಗುತ್ತವೆ. ಮುಂಗಾರಿನಲ್ಲಿ ಮೋಡದ ಕಾಟವಿರುವುದರಿಂದ ಮೋಡ ಸರಿದ ದಿನಗಳ ಚಿತ್ರಗಳನ್ನು ಹೆಕ್ಕಿ, ನಾಟಿಯ ಸಮಯದಲ್ಲಿ ನೀರು ನಿಂತ ಗದ್ದೆ ಯಾವುದು, ತಿಂಗಳ ಬಳಿಕ ಹಸಿರಾದುದು ಯಾವುದು, ಸವಳು-ಜವಳಿನಿಂದ ಬೋಳಾಗಿ ಉಳಿದದ್ದು ಯಾವುದು ಎಂದು ಬಣ್ಣ ಹಾಕಿ ಬೇರ್ಪಡಿಸಬಹುದು. ಮೇಲ್ಭಾಗದಲ್ಲಿ ಭತ್ತ ಎಷ್ಟು ಎಕರೆ, ಕೊನೆಭಾಗಕ್ಕೆ ನೀರು ತಲುಪಿದ್ದು ಯಾವ ವಾರ ಎಂಬುದು ಆ ನಕ್ಷೆಯಲ್ಲೇ ಕಾಣುತ್ತದೆ. ನೀರಾವರಿ ಇಲಾಖೆಯ ಸಭೆಗಳಲ್ಲಿ ಪ್ರತಿವರ್ಷ ನಡೆಯುವ ವಾಗ್ವಾದಕ್ಕೆ ಇಂತಹ ಒಂದು ಹಾಳೆ ಎಷ್ಟು ಉಪಯುಕ್ತವೆಂಬುದು ನಿಮಗೇ ತಿಳಿದಿದೆ. ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಮೊದಲು ನಾನು ಕೇಳುವುದು ಇದನ್ನೇ.

ಇಂತಹ ಕೌಶಲಕ್ಕೆ ಬೇಡಿಕೆ ಹೆಚ್ಚುತ್ತಿರುವುದಕ್ಕೆ ಕಾರಣಗಳಿವೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ನಿರ್ಬಂಧಗಳನ್ನು ಸಡಿಲಿಸಿತು, 2022ರ ಕೊನೆಗೆ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಬಂದಿತು, ಸ್ವಾಮಿತ್ವ ಯೋಜನೆಯಡಿ ಹಳ್ಳಿಯ ಮನೆ-ನಿವೇಶನಗಳ ಡ್ರೋನ್ ಅಳತೆ ನಡೆಯುತ್ತಿದೆ. ಬೆಂಗಳೂರಿನಲ್ಲಿರುವ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ, ಹೈದರಾಬಾದಿನ ನಕ್ಷೆ ಕಂಪನಿಗಳು, ಕುಷ್ಟಗಿ-ಯಲಬುರ್ಗಾ ಕಡೆಯ ಪವನ ವಿದ್ಯುತ್ ಕಂಪನಿಗಳಿಗೆ ಜಾಗದ ನಕ್ಷೆ ಮಾಡಿಕೊಡುವವರು, ಎಲ್ಲರಿಗೂ ಇದು ಬೇಕು. ಆದರೆ ಆರಂಭದ ಸಂಬಳ ದೊಡ್ಡದಲ್ಲ. ಹೈದರಾಬಾದಿನಲ್ಲಿ ಬಾಡಿಗೆ, ಊಟ ಕಳೆದರೆ ಮೊದಲೆರಡು ವರ್ಷ ಮನೆಗೆ ಕಳಿಸಲು ಹೆಚ್ಚೇನೂ ಉಳಿಯದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ದತ್ತಾಂಶ ನಿರ್ವಹಣೆ ಕಲಿತವರು ಮೇಲೇರುತ್ತಾರೆ. ಬರೀ ಗೆರೆ ಎಳೆಯುವವರು ಅಲ್ಲೇ ಉಳಿಯುತ್ತಾರೆ.

ಬಂಧುಗಳ ಮಾತಿನಲ್ಲೂ ಹುರುಳಿದೆ. ಮಗಳು ಊರಲ್ಲೇ ಇದ್ದು ಪದವಿ ಮುಗಿದ ಕೂಡಲೇ ದುಡಿಯಬೇಕೆಂದಿದ್ದರೆ ಬಿ.ಕಾಂ. ವಾಸಿ, ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿ ಬಲ್ಲವರಿಗೆ ಸಿಂಧನೂರು, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಕೆಲಸ ಸಿಗುವುದು ಕಷ್ಟವಲ್ಲ. ಹೊರಗೆ ಹೋಗಲು ಮನೆಯವರ ಒಪ್ಪಿಗೆ ಇದ್ದು, ಎರಡನೆಯ ವರ್ಷದಲ್ಲೇ ಜಿಐಎಸ್ ಕೈಗೆತ್ತಿಕೊಳ್ಳುವುದಾದರೆ ಭೂಗೋಳಕ್ಕೇ ಸೇರಿಸಿ.

ಪ್ರಶ್ನೆ: ಬಿ.ಎ. ಅಂತಿಮ ವರ್ಷದಲ್ಲಿದ್ದೇನೆ. ಕೆಎಎಸ್ ಗುರಿ. ಅದಕ್ಕಾಗಿ ಭೂಗೋಳದಲ್ಲಿ ಎಂ.ಎ. ಮಾಡುವುದು ಸೂಕ್ತವೇ?
– ವಿದ್ಯಾರ್ಥಿ, ಕೊಪ್ಪಳ

ಉತ್ತರ: ಕೆಎಎಸ್‌ಗಾಗಿ ಎಂ.ಎ. ಅನಗತ್ಯ. ಅಲ್ಲಿನ ಮುಖ್ಯ ಪರೀಕ್ಷೆಯಲ್ಲಿ ಈಗ ಐಚ್ಛಿಕ ವಿಷಯವೇ ಇಲ್ಲ. ಭೂಗೋಳ ಸಾಮಾನ್ಯ ಅಧ್ಯಯನದ ಒಂದು ಭಾಗವಾಗಿ ಮಾತ್ರ ಬರುತ್ತದೆ. ಯುಪಿಎಸ್‌ಸಿಯಲ್ಲಿ ಹಾಗಲ್ಲ: ಲಿಖಿತ ಪರೀಕ್ಷೆಯ 1,750 ಅಂಕಗಳಲ್ಲಿ 500 ಐಚ್ಛಿಕ ವಿಷಯದ್ದು, ಭೂಗೋಳ ಆರಿಸಿಕೊಂಡವರಿಗೆ ಸಾಮಾನ್ಯ ಅಧ್ಯಯನದಲ್ಲೂ ಅದು ನೆರವಾಗುತ್ತದೆ. ಅಧ್ಯಾಪಕ ವೃತ್ತಿಯ ಒಲವಿದ್ದರೆ ಎಂ.ಎ. ಮಾಡಿ; ಎಂ.ಎ. ಅಂತಿಮ ವರ್ಷದಲ್ಲಿರುವಾಗಲೇ ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ ನೆಟ್ ಬರೆಯಬಹುದು. ಅದರಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ದೊರೆತರೆ ಸಂಶೋಧನೆಗೆ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ, ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನ 57,700 ರೂಪಾಯಿ. ನೆಟ್, ರಾಜ್ಯದ ಅರ್ಹತಾ ಪರೀಕ್ಷೆ ಕೆಸೆಟ್ ಯಾವುದೂ ಇಲ್ಲದ ಎಂ.ಎ. ಅತಿಥಿ ಉಪನ್ಯಾಸಕರ ಸಾಲಿನಲ್ಲಿ ನಿಲ್ಲಿಸುತ್ತದೆ, ಆ ಸಾಲು ಈಗಾಗಲೇ ಉದ್ದವಿದೆ.

ಪ್ರಶ್ನೆ: ಭೂಗೋಳ ಪದವೀಧರ. ಸಂಡೂರು ಭಾಗದ ಗಣಿಗಳಲ್ಲಿ ಸರ್ವೇಯರ್ ಆಗಬಹುದೇ?
– ಓದುಗರು, ಬಳ್ಳಾರಿ

ಉತ್ತರ: ಈ ಪದವಿಯೊಂದರಿಂದಲೇ ಆಗದು. ಗಣಿ ಸರ್ವೇಯರ್ ಹುದ್ದೆಗೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಅರ್ಹತಾ ಪ್ರಮಾಣಪತ್ರ ಬೇಕು. ಸರ್ಕಾರಿ ಭೂಮಾಪಕ ಹುದ್ದೆಗಳಿಗೂ ಸಾಮಾನ್ಯವಾಗಿ ಪಿಯುಸಿಯಲ್ಲಿ ಗಣಿತ, ಸಿವಿಲ್ ಎಂಜಿನಿಯರಿಂಗ್ ಅಥವಾ ಐಟಿಐ ಸರ್ವೆ ಟ್ರೇಡ್ ಕೇಳುತ್ತಾರೆ. ಆದರೆ ಅಕ್ರಮ ಗಣಿಗಾರಿಕೆಯ ಕಾರಣ 2011ರಲ್ಲಿ ಬಳ್ಳಾರಿಯ ಗಣಿಗಳನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದ ಮೇಲೆ ಗುತ್ತಿಗೆಯ ಗಡಿ ರೇಖೆಗೆ ಇಲ್ಲಿ ಎಲ್ಲಿಲ್ಲದ ಮಹತ್ವ ಬಂದಿದೆ. ಗಣಿಗಾರಿಕೆಯ ಕೇಂದ್ರ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯ ಪ್ರಕಾರ 50 ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚು ವಿಸ್ತೀರ್ಣದ, ಇಲ್ಲವೇ ವರ್ಷಕ್ಕೆ 10 ಲಕ್ಷ ಟನ್ ಅಥವಾ ಅದಕ್ಕಿಂತ ಹೆಚ್ಚು ತೆಗೆಯುವ ಯೋಜನೆಯ ಗಣಿಗಳು ಡ್ರೋನ್ ಸಮೀಕ್ಷೆ ಮಾಡಿಸಲೇಬೇಕು. ಡ್ರೋನ್ ಹಾರಿಸುವ ರಿಮೋಟ್ ಪೈಲಟ್ ಪ್ರಮಾಣಪತ್ರಕ್ಕೆ ಹತ್ತನೆಯ ತರಗತಿ ಸಾಕು. ತೆಗೆದ ಚಿತ್ರಗಳನ್ನು ಜೋಡಿಸಿ ಎತ್ತರದ ನಕ್ಷೆ ಮಾಡುವ ಕೆಲಸವೇ ಭೂಗೋಳ ಓದಿದವರಿಗೆ ಒಪ್ಪುವಂಥದ್ದು. ಗಣಿ ಕಂಪನಿಗೆ ನೇರವಾಗಿ ಅರ್ಜಿ ಹಾಕುವುದಕ್ಕಿಂತ, ಅವರಿಂದ ಸಮೀಕ್ಷೆಯ ಗುತ್ತಿಗೆ ಹಿಡಿದಿರುವ ಸಂಸ್ಥೆಗಳನ್ನು ಸಂಪರ್ಕಿಸಿ.