ಜರ್ಮನಿಯಲ್ಲಿ ಮೊದಲ ಕಾರು: ಮೈಲೇಜಾ, ಪಿಕಪ್ಪಾ?

ನೀವು ಕೇಳಿದ್ದು ಇಷ್ಟು: ಮನೆ ಸ್ಟುಟ್‌ಗಾರ್ಟ್‌ನಲ್ಲಿ, ಆಫೀಸು ಬೋಬ್ಲಿಂಗೆನ್‌ನಲ್ಲಿ, ಹೋಗಿಬರಲು ದಿನಕ್ಕೆ 40 ಕಿ.ಮೀ., ವರ್ಷಕ್ಕೆ ಎಲ್ಲ ಸೇರಿ ಸುಮಾರು 12,000 ಕಿ.ಮೀ. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಕಾರು ನೋಡಿಟ್ಟಿದ್ದೀರಿ. ಒಂದು 55 ಕಿಲೋವ್ಯಾಟ್‌ನ, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಸಾಧನ) ಇಲ್ಲದ 1 ಲೀಟರ್ ಪೆಟ್ರೋಲ್. ಇನ್ನೊಂದು 110 ಕಿಲೋವ್ಯಾಟ್‌ನ 2 ಲೀಟರ್ ಡೀಸೆಲ್. ಖರ್ಚು ನೋಡಲಾ, ಪಿಕಪ್ ನೋಡಲಾ ಅಂತ ಪ್ರಶ್ನೆ. ನನ್ನ ಮಟ್ಟಿಗೆ ಎರಡೂ ಬೇಡ. ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇನೆ, ಬೇರೆ ಕಾರು ನೋಡುವಾಗಲೂ ಉಪಯೋಗಕ್ಕೆ ಬರುತ್ತೆ.

ಮೊದಲು ಅಳತೆ. ಇಲ್ಲಿ ಮೈಲೇಜ್ ಅನ್ನೋದು 100 ಕಿ.ಮೀ.ಗೆ ಎಷ್ಟು ಲೀಟರ್ ಅಂತ. 100ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಮ್ಮ ಲೆಕ್ಕ ಸಿಗುತ್ತೆ: 5 ಲೀಟರ್ ಅಂದರೆ ಲೀಟರಿಗೆ 20 ಕಿ.ಮೀ., 8 ಲೀಟರ್ ಅಂದರೆ 12.5. ಕಿಲೋವ್ಯಾಟನ್ನು 1.36ರಿಂದ ಗುಣಿಸಿದರೆ ಹಾರ್ಸ್‌ಪವರ್. ಜಾಹೀರಾತಿನ ಮಾತು ನಂಬಬೇಡಿ. ಫಾರ್‌ಝೋಯ್ಗ್‌ಶೈನ್, ಅಂದರೆ ನಮ್ಮ ಆರ್‌ಸಿ ಥರದ ಕಾಗದ, ಅದರ ಫೋಟೊ ಕೇಳಿ ತರಿಸಿಕೊಳ್ಳಿ. ಅದರಲ್ಲಿ ಪಿ.1 ಎಂಬಲ್ಲಿ ಸಿಸಿ, ಪಿ.2ರಲ್ಲಿ ಕಿಲೋವ್ಯಾಟ್, ವಿ.7ರಲ್ಲಿ ಕಾರ್ಬನ್ ಡೈಆಕ್ಸೈಡ್, ಬಿ ಎಂಬಲ್ಲಿ ಮೊದಲ ನೋಂದಣಿಯ ದಿನಾಂಕ ಇರುತ್ತೆ.

ಈಗ ಪವರ್. ಆಟೊಬಾನ್ (ಇಲ್ಲಿನ ಹೆದ್ದಾರಿ) ಅಂದ ತಕ್ಷಣ ದೊಡ್ಡ ಎಂಜಿನ್ ಬೇಕು ಅಂತ ಎಲ್ಲರಿಗೂ ಅನಿಸುತ್ತೆ. ನಿಜವಾಗಿ ಬೇಕಾಗುವುದು ಕಡಿಮೆ. ಸಾಧಾರಣ ಹ್ಯಾಚ್‌ಬ್ಯಾಕ್ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡಲು ಚಕ್ರದ ಹತ್ತಿರ ಸುಮಾರು 12 ಕಿಲೋವ್ಯಾಟ್ ಸಾಕು. 130ಕ್ಕೆ ಹೋದರೆ ಹತ್ತಿರ ಹತ್ತಿರ 24, 160ಕ್ಕೆ 40ರ ಮೇಲೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಅದನ್ನು ಮೀರಿ ಓಡಲು ಬೇಕಾದ ಪವರ್ ಘನಕ್ಕೆ ತಕ್ಕಂತೆ. ವೇಗದ ಮಿತಿ ಇಲ್ಲದ ಕಡೆಯೂ 130 ಎಂಬುದು ಇಲ್ಲಿ ಶಿಫಾರಸು ಮಾಡಿದ ವೇಗ. ಅದರ ಆಸುಪಾಸಿನಲ್ಲೇ ಓಡಿಸಿದರೆ ಸಣ್ಣ ಕಾರು 6 ಲೀಟರಿನಲ್ಲಿ ಮುಗಿಸುತ್ತೆ. ಅದೇ ಕಾರನ್ನು 160ರಲ್ಲಿ ಓಡಿಸಿ ಮೈಲೇಜ್ ಇಲ್ಲ ಅಂದರೆ ಎಂಜಿನ್ನಿನ ತಪ್ಪಲ್ಲ.

ಹಾಗಾದರೆ 55 ಕಿಲೋವ್ಯಾಟ್ ಸಾಕಲ್ಲ? ಸಾಲದು, ಕಾರಣ ನಿಮ್ಮ ಊರಿನ ಭೂಗುಣ. ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ನಾಲ್ಕು ಜನ, ಡಿಕ್ಕಿ ತುಂಬ ಲಗೇಜು, ಎ8 ಆಟೊಬಾನ್‌ನಲ್ಲಿ ಉಲ್ಮ್, ಮ್ಯೂನಿಕ್ ಕಡೆ ಹೊರಟಿದ್ದೀರಿ ಅನ್ನಿ. ಐಶೆಲ್‌ಬೆರ್ಗ್ ದಾಟಿ ಶ್ವೇಬಿಷ್ ಆಲ್ಬ್ ಗುಡ್ಡ ಹತ್ತಬೇಕು. ಕಾರು, ಜನ, ಲಗೇಜು ಸೇರಿ 1,700 ಕಿಲೊ, ನೂರು ಮೀಟರಿಗೆ 6 ಮೀಟರ್ ಏರು ಅಂತ ಹಿಡಿದರೆ, 110ರ ವೇಗ ಉಳಿಸಿಕೊಳ್ಳಲು ಬೇಕಾದದ್ದು ಸುಮಾರು 47 ಕಿಲೋವ್ಯಾಟ್. 55 ಕಿಲೋವ್ಯಾಟ್ ಎಂಜಿನ್ ಅಷ್ಟು ಕೊಡುವುದು 6,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಹತ್ತಿರ. ಮೂರನೇ ಗೇರಿನಲ್ಲಿ ಕಿರುಚಿಸಬೇಕು, ಇಲ್ಲವೇ ಲಾರಿಗಳ ಸಾಲಿಗೆ ಸೇರಬೇಕು. ಹಾಗೆ ಪೂರಾ ಒತ್ತಿ ಓಡಿಸುವಾಗ ತಾಪ ಇಳಿಸಲು ಎಷ್ಟೋ ಎಂಜಿನ್‌ಗಳು ಹೆಚ್ಚುವರಿ ಪೆಟ್ರೋಲ್ ಸುರಿಯುತ್ತವೆ, ಮೈಲೇಜಿನ ಆಸೆಗೆ ತಗೊಂಡ ಕಾರು ಅಲ್ಲೇ ಕುಡಿಯುತ್ತೆ. ಆಟೊಬಾನ್ ಸೇರುವ ಗಿಡ್ಡ ಲೇನಿನಲ್ಲೂ ಇದೇ ಕಷ್ಟ, ಅಲ್ಲಿ ಇದು ಸುರಕ್ಷತೆಯ ಪ್ರಶ್ನೆ.

ಆದ್ದರಿಂದ ಪವರ್ ಒಂದನ್ನೇ ನೋಡಬೇಡಿ, ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಎಷ್ಟು, ಯಾವ ಆರ್‌ಪಿಎಂನಲ್ಲಿ ಅನ್ನೋದನ್ನೂ ನೋಡಿ. ಟರ್ಬೊ ಇಲ್ಲದ 1 ಲೀಟರ್ ಎಂಜಿನ್ನಿನದು 95 ನ್ಯೂಟನ್ ಮೀಟರ್ ಆಸುಪಾಸು, ಅದೂ 3,000 ದಾಟಿದ ಮೇಲೆ. ಫೋಕ್ಸ್‌ವಾಗನ್ನಿನ 1.0 ಟಿಎಸ್‌ಐ, 85 ಕಿಲೋವ್ಯಾಟ್‌ನ ಟರ್ಬೊ ಪೆಟ್ರೋಲ್, 2,000 ಆರ್‌ಪಿಎಂಗೇ 200 ಕೊಡುತ್ತೆ. ಅದೇ 1 ಲೀಟರ್, ಅದೇ ಮೂರು ಸಿಲಿಂಡರ್, ಆದರೆ ಗುಡ್ಡದಲ್ಲಿ ಬೇರೆಯೇ ಕಾರು. ನಿಮ್ಮ ಓಡಾಟಕ್ಕೆ 70ರಿಂದ 85 ಕಿಲೋವ್ಯಾಟ್‌ನ ಟರ್ಬೊ ಪೆಟ್ರೋಲ್ ಹುಡುಕಿ. ಅದಕ್ಕಿಂತ ಮೇಲಿನದಕ್ಕೆ ಕೊಡುವ ದುಡ್ಡು ನಿಮಗೆ ವಾಪಸ್ ಬರಲ್ಲ.

ಡೀಸೆಲ್ ಯಾಕೆ ಬೇಡ? ತೆರಿಗೆ ನೋಡಿ. ಪ್ರತಿ 100 ಸಿಸಿಗೆ ಪೆಟ್ರೋಲಿಗೆ 2 ಯೂರೊ, ಡೀಸೆಲ್‌ಗೆ 9.50, ಅರ್ಧ ನೂರಿದ್ದರೂ ಪೂರ್ತಿ ನೂರು ಅಂತಲೇ ಹಿಡಿಯುತ್ತಾರೆ. ಇದರ ಮೇಲೆ, ಕಿ.ಮೀ.ಗೆ 95 ಗ್ರಾಂ ದಾಟಿದ ಕಾರ್ಬನ್ ಡೈಆಕ್ಸೈಡ್‌ಗೆ ಗ್ರಾಂ ಲೆಕ್ಕದಲ್ಲಿ ತೆರಿಗೆ. 2021ರ ಜನವರಿಯಿಂದೀಚೆಗೆ ಮೊದಲ ನೋಂದಣಿಯಾದ ಕಾರಿಗೆ 115 ಗ್ರಾಂವರೆಗೆ 2 ಯೂರೊ, ಅಲ್ಲಿಂದ 135ರವರೆಗೆ 2.20, ಹೀಗೆ ಏರುತ್ತಾ ಹೋಗುತ್ತೆ. 999 ಸಿಸಿ ಪೆಟ್ರೋಲ್, 120 ಗ್ರಾಂ ಆದರೆ ವರ್ಷಕ್ಕೆ 20+40+11, ಒಟ್ಟು 71 ಯೂರೊ. 1,968 ಸಿಸಿ ಡೀಸೆಲ್, 130 ಗ್ರಾಂ ಆದರೆ 190+40+33, ಒಟ್ಟು 263. ಇಂಧನದಲ್ಲಿ ಉಳಿತಾಯ ಎಷ್ಟು? ಪೆಟ್ರೋಲ್ 6 ಲೀಟರ್, ಡೀಸೆಲ್ 5 ಲೀಟರ್, ಬೆಲೆ 1.75 ಮತ್ತು 1.65 ಅಂತ ಇಟ್ಟುಕೊಳ್ಳಿ. 12,000 ಕಿ.ಮೀ.ಗೆ ಉಳಿಯೋದು 270 ಯೂರೊ. ಅದರಲ್ಲಿ 192 ತೆರಿಗೆಗೇ ಹೋಯಿತು. ಮಿಕ್ಕ 78 ಯೂರೊ ಇನ್ಶುರೆನ್ಸ್, ಆಡ್‌ಬ್ಲೂ (ಡೀಸೆಲ್ ಹೊಗೆ ಶುದ್ಧಿ ಮಾಡಲು ಹಾಕುವ ದ್ರವ), ಸರ್ವಿಸಿಗೆ ಕರಗುತ್ತೆ. ವರ್ಷಕ್ಕೆ 25,000 ಓಡಿಸುವವರಿಗೆ ಇದೇ ಲೆಕ್ಕ ತಿರುಗಿ ಡೀಸೆಲ್ ಕಡೆಗೆ ವಾಲುತ್ತೆ.

ದುಡ್ಡಿಗಿಂತ ದೊಡ್ಡ ತೊಂದರೆ ಮಸಿ ಸೋಸುವ ಫಿಲ್ಟರಿನದು. ಅದರಲ್ಲಿ ಕೂತ ಮಸಿಯನ್ನು ಎಂಜಿನ್ ಆಗಾಗ ಸುಮಾರು 600 ಡಿಗ್ರಿಯಲ್ಲಿ ಸುಡಬೇಕು, ಅದಕ್ಕೆ 10–20 ನಿಮಿಷ ಬಿಡದೆ ಓಡಬೇಕು. ಮಗುವಿನ ಕಿಂಡರ್‌ಗಾರ್ಟನ್, ಅಂಗಡಿ ಅಂತ 3–4 ಕಿ.ಮೀ. ಓಡಿಸಿ ಆಫ್ ಮಾಡಿದರೆ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತೆ. ಅದಕ್ಕೆಂದು ಸುರಿದ ಡೀಸೆಲ್ ಎಂಜಿನ್ ಆಯಿಲಿಗೆ ಸೇರುತ್ತೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದರೆ ಸಾಮಾನ್ಯವಾಗಿ ಕಾರಣ ಇದೇ. ಇನ್ನೊಂದು: ಸ್ಟುಟ್‌ಗಾರ್ಟ್‌ನ ಪರಿಸರ ವಲಯದಲ್ಲಿ ಯೂರೊ 4 (ಇಲ್ಲಿ ಯೂರೊ ಅಂದರೆ ದುಡ್ಡಲ್ಲ, ಹೊಗೆಯ ಮಿತಿಯ ದರ್ಜೆ) ಮತ್ತು ಅದಕ್ಕಿಂತ ಹಳೆಯ ಡೀಸೆಲ್‌ಗೆ 2019ರಲ್ಲಿ ನಿಷೇಧ ಬಂತು, 2020ರಲ್ಲಿ ನಗರದ ನಡುಭಾಗದಲ್ಲಿ ಯೂರೊ 5ಕ್ಕೂ ಬಂತು. ಅಗ್ಗಕ್ಕೆ ಸಿಗುವ ಡೀಸೆಲ್ ಯಾಕೆ ಅಗ್ಗ ಅಂತ ಮೊದಲು ನೋಡಿ.

ನಗರದೊಳಗಿನ ಓಡಾಟವೇ ಹೆಚ್ಚಾದರೆ ಟೊಯೋಟಾ ಯಾರಿಸ್ ಹೈಬ್ರಿಡ್ ನೋಡಬಹುದು. 2020ರ ನಂತರದ 1.5 ಲೀಟರಿನದಕ್ಕೆ 85 ಕಿಲೋವ್ಯಾಟ್ ಇದೆ. ಬ್ರೇಕ್ ಹಾಕಿದಾಗಲೆಲ್ಲ ಬ್ಯಾಟರಿ ತುಂಬುವುದರಿಂದ ಸಿಗ್ನಲ್‌ಗಳ ನಡುವೆ ಇದರಷ್ಟು ಕಮ್ಮಿ ಕುಡಿಯುವ ಪೆಟ್ರೋಲ್ ಕಾರು ಸಿಗೋದು ಕಷ್ಟ. 140–150ರಲ್ಲಿ ಬ್ರೇಕಿಗೆ ಕೆಲಸವೇ ಇಲ್ಲದ ಕಡೆ ಆ ಲಾಭ ಇಲ್ಲ.

ಸಣ್ಣ ಟರ್ಬೊಗಳಲ್ಲಿ ಹುಷಾರಾಗಿರಬೇಕಾದ್ದು ಬೆಲ್ಟ್ ವಿಷಯದಲ್ಲಿ. ಪೆಜೊ, ಸಿಟ್ರೊಯೆನ್, ಓಪೆಲ್‌ಗಳಲ್ಲಿ ಬಂದ 1.2 ಪ್ಯೂರ್‌ಟೆಕ್, ಫೋರ್ಡ್‌ನ 1.0 ಇಕೋಬೂಸ್ಟ್‌ನ ಹಲವು ಆವೃತ್ತಿಗಳು, ಇವುಗಳಲ್ಲಿ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಯಿಸುವ ಪಟ್ಟಿ) ಎಂಜಿನ್ ಆಯಿಲಿನಲ್ಲೇ ನೆನೆದು ಓಡುತ್ತೆ. ಚಳಿಗಾಲದ ಸಣ್ಣ ಓಡಾಟದಲ್ಲಿ ಪೆಟ್ರೋಲ್ ಆಯಿಲಿಗೆ ಸೇರಿ ಬೆಲ್ಟ್ ಉಬ್ಬುತ್ತೆ, ಅದರ ಚೂರುಗಳು ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಳ್ಳುತ್ತವೆ, ಆಯಿಲ್ ಪ್ರೆಶರ್ ಬಿದ್ದು ಎಂಜಿನ್ನೇ ಹೋಗಬಹುದು. ಬೆಲ್ಟ್ ಬದಲಿಸಿದ ಬಿಲ್, ವರ್ಷಾವರ್ಷ ಆಯಿಲ್ ಬದಲಿಸಿದ ದಾಖಲೆ ಇಲ್ಲದಿದ್ದರೆ ಅಂಥದ್ದನ್ನು ಬಿಟ್ಟುಬಿಡಿ. ಆಯಿಲ್ ಮ್ಯಾನುಯಲ್ಲಿನಲ್ಲಿ ಹೇಳಿದ ದರ್ಜೆಯದ್ದೇ ಆಗಿರಬೇಕು.

ಓಡಿಸುವ ಅಭ್ಯಾಸವೂ ಸ್ವಲ್ಪ ಬದಲಾಗಬೇಕು. ಮೈಲೇಜಿಗೆಂದು 45ಕ್ಕೇ ಟಾಪ್ ಗೇರ್ ಹಾಕೋದು ನಮ್ಮಲ್ಲಿ ಬಹಳ ಜನರ ರೂಢಿ. ಟರ್ಬೊ ಪೆಟ್ರೋಲನ್ನು 1,200 ಆರ್‌ಪಿಎಂನಲ್ಲಿಟ್ಟು ಆಕ್ಸಿಲರೇಟರ್ ಪೂರಾ ತುಳಿದರೆ ಸ್ಪಾರ್ಕಿಗೂ ಮುಂಚೆಯೇ ಇಂಧನ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯ ಇದೆ. ಏರಿನಲ್ಲಿ ಒಂದು ಗೇರ್ ಇಳಿಸಿ, 2,000ದ ಮೇಲೆ ಎಳೆಸಿ.

ಜಾಹೀರಾತಿನ ಲೀಟರ್ ಸಂಖ್ಯೆ ಹೋಲಿಸುವಾಗ ವರ್ಷ ನೋಡಿ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರುಗಳೆಲ್ಲ ಡಬ್ಲ್ಯುಎಲ್‌ಟಿಪಿ ಎಂಬ, ವಾಸ್ತವಕ್ಕೆ ಹತ್ತಿರದ ಪರೀಕ್ಷೆಯಲ್ಲಿ ಅಳೆದವು. ಅದಕ್ಕಿಂತ ಹಳೆಯ ಅಳತೆ ವಾಸ್ತವಕ್ಕಿಂತ ತುಂಬಾ ಕಡಿಮೆ ತೋರಿಸುತ್ತೆ. ಹಳೆಯ ಕಾರಿನ 4.8 ಮತ್ತು ಹೊಸದರ 5.6 ಒಂದೇ ಇರಬಹುದು. 18 ಇಂಚಿನ ಅಗಲ ಚಕ್ರ ಚೆನ್ನಾಗಿ ಕಾಣುತ್ತೆ, ಆದರೆ ಪೆಟ್ರೋಲಿಗೂ ಟೈರಿಗೂ ದುಬಾರಿ. ಚಳಿಗಾಲಕ್ಕೆ ಬಹಳ ಜನ ಬೇರೆ ಟೈರ್ ಸೆಟ್ ಇಟ್ಟುಕೊಳ್ಳುವ ಈ ದೇಶದಲ್ಲಿ 205/55 ಆರ್16, ಅಂದರೆ 16 ಇಂಚಿನ ಅಳತೆ ಜೇಬಿಗೆ ಹಗುರ.

ಟೆಸ್ಟ್ ಡ್ರೈವ್‌ಗೆ ಹೋದಾಗ ಎಂಜಿನ್ ತಣ್ಣಗಿರಲಿ, ಮುಂಚೆಯೇ ಸ್ಟಾರ್ಟ್ ಮಾಡಿಡಬೇಡಿ ಅಂತ ಹೇಳಿ. ಟ್ರಿಪ್ ಕಂಪ್ಯೂಟರನ್ನು ಸೊನ್ನೆ ಮಾಡಿ. ಮನೆಯವರನ್ನೂ ಕೂರಿಸಿಕೊಂಡು ಒಂದು ಏರಿನಲ್ಲಿ ನಾಲ್ಕನೇ ಗೇರಿನಲ್ಲಿ 80ರಿಂದ 120ಕ್ಕೆ ಹೋಗಿ ನೋಡಿ. ಗೇರ್ ಬದಲಿಸದೆ ಸಲೀಸಾಗಿ ಏರಿದರೆ ಅಷ್ಟು ಪವರ್ ನಿಮಗೆ ಸಾಕು.

ಸಹಿ ಹಾಕುವ ಮುಂಚೆ ಇನ್ಶುರೆನ್ಸ್ ದರ ತೆಗೆಸಿ. ಫಾರ್‌ಝೋಯ್ಗ್‌ಶೈನ್‌ನ 2.1 ಮತ್ತು 2.2ರಲ್ಲಿರುವ ಸಂಖ್ಯೆ ಕೊಟ್ಟರೆ ಆ ಮಾಡೆಲ್ಲಿನ ಇನ್ಶುರೆನ್ಸ್ ದರ್ಜೆ ಗೊತ್ತಾಗುತ್ತೆ. ದರ್ಜೆ ನಿಂತಿರುವುದು ಆ ಮಾಡೆಲ್ ಎಷ್ಟು ಅಪಘಾತದ ಖರ್ಚು ತಂದಿದೆ ಅನ್ನೋದರ ಮೇಲೆ, ಹಾರ್ಸ್‌ಪವರ್ ಮೇಲೆ ಅಲ್ಲ. ಹುಡುಗರು ಓಡಿಸುವ ಅಗ್ಗದ ಸಣ್ಣ ಕಾರಿನ ದರ್ಜೆ ದೊಡ್ಡ ಕಾರಿಗಿಂತ ಮೇಲಿರುವುದೂ ಉಂಟು. ಭಾರತದ ನೋ ಕ್ಲೇಮ್ ಬೋನಸ್ ಇಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರಲ್ಲ, ಮೊದಲ ವರ್ಷದ ಕಂತು ಜಾಸ್ತಿಯೇ ಇರುತ್ತೆ, ಅದನ್ನು ಕಾರಿನ ಬೆಲೆಯ ಜೊತೆಗೇ ಸೇರಿಸಿ ನೋಡಿ. ಭಾರತದ ಲೈಸೆನ್ಸ್ ಇಲ್ಲಿ ವಾಸ ಶುರುವಾದ ದಿನದಿಂದ 6 ತಿಂಗಳು ಮಾತ್ರ ನಡೆಯೋದು. ಇಲ್ಲಿನ ಪರೀಕ್ಷೆ ಪಾಸಾಗದೆ ಆ ಅವಧಿ ಮುಗಿಯುವಂತಿದ್ದರೆ ಕಾರು ತಗೊಳ್ಳೋದನ್ನು ಮುಂದಕ್ಕೆ ಹಾಕಿ.