ವೆನಿಸ್‌ನಲ್ಲಿ ನಮಗಷ್ಟೇ ಒಂದು ಗೊಂಡೋಲಾ ಹಿಡಿದರೆ ಎಷ್ಟಾಗುತ್ತದೆ?

ಹುಬ್ಬಳ್ಳಿಯಿಂದ ಮನೆಮಂದಿ ಐವರು ಹೊರಟಿದ್ದೀರಲ್ಲ, ಒಂದೇ ದೋಣಿ ಸಾಕು. ದರ ತಲೆಗಲ್ಲ, ದೋಣಿಗೆ. 2023ರಲ್ಲಿ ಏರಿಸಿದ ಅಧಿಕೃತ ದರ: ಹಗಲು 30 ನಿಮಿಷಕ್ಕೆ 90 ಯೂರೋ, ಸಂಜೆ 7ರ ಮೇಲೆ 35 ನಿಮಿಷಕ್ಕೆ 110. ಹಾಡುಗಾರ ಬೇಕೆಂದರೆ ಬೇರೆ ರೊಕ್ಕ. ಹತ್ತುವ ಮೊದಲೇ ದುಡ್ಡು, ನಿಮಿಷ, ದಾರಿ ಮೂರನ್ನೂ ಮಾತಾಡಿಕೊಳ್ರಿ. ಒಳಗಿನ ಸಣ್ಣ ಕಾಲುವೆಗಳೇ ಚೆಂದ; ದೊಡ್ಡ ಕಾಲುವೆಯಲ್ಲಿ ಮೋಟಾರು ಬೋಟುಗಳ ಅಲೆಗೆ ದೋಣಿ ಕುಲುಕುತ್ತದೆ.

ದೋಣಿ ಬಲಕ್ಕೆ ವಾಲಿದಂತಿದ್ದರೆ ಗಾಬರಿಯಾಗಬೇಡಿ. ಅಂಬಿಗ ಹಿಂದೆ ನಿಂತು ಬಲಗಡೆ ಒಂದೇ ಹುಟ್ಟು ಹಾಕುತ್ತಾನೆ. ಅದು ಸುತ್ತು ಹೊಡೆಯದಿರಲೆಂದು ಎಡಮಗ್ಗುಲನ್ನು ಸುಮಾರು 24 ಸೆಂ.ಮೀ. ಹೆಚ್ಚು ಅಗಲ ಕಟ್ಟಿರುತ್ತಾರೆ. ಉಣಕಲ್ ಕೆರೆಯಲ್ಲಿ ಮಾಡಿದಂತೆ ಫೋಟೋಕ್ಕೆಂದು ಎಲ್ಲರೂ ಒಂದೇ ಕಡೆ ಸರಿಯಬೇಡಿ. ಉಬ್ಬರ ಜೋರಾದರೆ ತಗ್ಗು ಸೇತುವೆಗಳ ಕೆಳಗೆ ನುಸುಳಲು ಆಗದು, ದಾರಿ ಬದಲಾಗುತ್ತದೆ.