ತಿದ್ದಬೇಕೇ, ಬಿಡಬೇಕೇ?

ಗುಳೇದಗುಡ್ಡದ ಓದುಗರೊಬ್ಬರು ಬರೆಯುತ್ತಾರೆ: ‘ನಾಲ್ಕು ವರ್ಷದ ಮಗಳು ನೆಲ, ಗೋಡೆ ಎನ್ನದೆ ದಿನವಿಡೀ ಚಿತ್ರ ಬರೆಯುತ್ತಾಳೆ. ಅವಳು ಬರೆದ ಮನುಷ್ಯರಿಗೆ ಹೊಟ್ಟೆಯೇ ಇಲ್ಲ, ಕೈಕಾಲು ತಲೆಯಿಂದಲೇ ಹೊರಡುತ್ತವೆ. ತಿದ್ದಿದರೆ ಅಳುತ್ತಾಳೆ. ಈಗಲೇ ಬಾಗಲಕೋಟೆಯ ಡ್ರಾಯಿಂಗ್ ಕ್ಲಾಸಿಗೆ ಹಾಕಬೇಕೇ?’

ಮಾನ್ಯರೇ,

ಈಗಲೇ ಬೇಡ, ತಿದ್ದುವುದಂತೂ ಬೇಡವೇ ಬೇಡ. ಎರಡರ ಸುಮಾರಿಗೆ ಗೀಚಾಟ, ಮೂರರ ಹೊತ್ತಿಗೆ ತುದಿ ಕೂಡಿದ ವೃತ್ತ, ಅದರ ಬೆನ್ನಿಗೇ ಆ ವೃತ್ತಕ್ಕೆ ಕೈಕಾಲು ಮೂಡಿದ ಮನುಷ್ಯ, ಇದು ಹಲವು ದೇಶಗಳ ಮಕ್ಕಳ ಚಿತ್ರಗಳಲ್ಲಿ ಕಂಡುಬಂದಿರುವ ಕ್ರಮ. ತಮ್ಮ ಮಗಳಿಗೆ ಹೊಟ್ಟೆ ಇರುವುದು ತಿಳಿಯದೆಂದಲ್ಲ, ಊಟದ ಹೊತ್ತಿಗೆ ಕೇಳಿ ನೋಡಿ. ಮನುಷ್ಯನೆಂದು ಗುರುತಿಸಲು ಮುಖ ಮತ್ತು ಕಾಲುಗಳಷ್ಟೇ ಸಾಕೆಂಬುದು ಅವಳ ಲೆಕ್ಕ. ಕೆಲವು ತಿಂಗಳಲ್ಲಿ ಹೊಟ್ಟೆ ತಾನಾಗಿ ಬರುತ್ತದೆ. ಮುಂದೆ ಗೋಡೆಯಾಚೆಯ ಮಗ್ಗವೂ ಕಾಣುವಂತಹ ಮನೆಯನ್ನು ಬರೆದರೆ ಅದನ್ನೂ ತಪ್ಪೆನ್ನಬೇಡಿ, ಕಂಡದ್ದಕ್ಕಿಂತ ತಿಳಿದದ್ದನ್ನು ಬರೆಯುವ ವಯಸ್ಸದು.

ತಾವು ಮಾಡಬೇಕಾದದ್ದು ಸಾಮಗ್ರಿಯ ಏರ್ಪಾಡು. ಎಳೆಯ ಬೆರಳಿಗೆ ಸಣ್ಣ ಪೆನ್ಸಿಲ್‌ಗಿಂತ ದಪ್ಪ ಕ್ರೇಯಾನ್ ಮೇಲು. ಕಲ್ಲುಹಾಸಿನ ಮೇಲೆ ಬಳಪ, ಹಳೆಯ ಕ್ಯಾಲೆಂಡರಿನ ಬೆನ್ನು, ಗೋಡೆಯಲ್ಲಿ ಅವಳದೇ ಎಂದು ಬಿಟ್ಟುಕೊಟ್ಟ ಒಂದು ಪಾಲು ಇದ್ದರೆ ಉಳಿದ ಗೋಡೆಗಳಿಗೂ ಸ್ವಲ್ಪ ಬಿಡುವು ಸಿಕ್ಕೀತು. ಹೋಳಿಯಲ್ಲಿ ಉಳಿದ ಬಣ್ಣವನ್ನು ಮಾತ್ರ ಕೊಡಬೇಡಿ (ಬಾಗಲಕೋಟೆ ಸೀಮೆಯಲ್ಲಿ ಅದು ಉಳಿಯುವುದೇ ಅಪರೂಪವೆನ್ನಿ). ಕೆಲವು ಕೃತಕ ಪುಡಿಗಳಲ್ಲಿ ಸೀಸದಂತಹ ಲೋಹಾಂಶಗಳಿರುತ್ತವೆ, ಈ ವಯಸ್ಸಿನ ಬೆರಳುಗಳು ಬಾಯಿಗೆ ಹೋಗುವುದೂ ತಪ್ಪದು. ‘ಇದೇನು?’ ಎಂದು ವಿಚಾರಣೆ ನಡೆಸುವುದಕ್ಕಿಂತ, ‘ಇದರ ಕತೆ ಹೇಳವ್ವಾ’ ಎಂದು ಪಕ್ಕದಲ್ಲಿ ಕುಳಿತರೆ ಅವಳು ಚಿತ್ರದಲ್ಲಿ ಕಾಣದ್ದನ್ನೂ ಹೇಳಿಯಾಳು. ಹಾಳೆಯ ಹಿಂದೆ ದಿನಾಂಕ ಬರೆದಿಡಿ.

ಬಾದಾಮಿ ತಮಗೆ ಹತ್ತಿರವೇ ಇದೆ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಬಣ್ಣದ ಚಿತ್ರಗಳ ಮಸುಕಾದ ಅವಶೇಷಗಳಿವೆ, ತೋರಿಸಿ. ಅವಕ್ಕಿಂತ ಅಲ್ಲಿನ ಮಂಗಗಳೇ ಅವಳಿಗೆ ಹಿಡಿಸಿದರೆ ಬೇಸರಿಸಬೇಡಿ.

ಎಂಟೊಂಬತ್ತರ ಹೊತ್ತಿಗೆ ಬಹಳಷ್ಟು ಮಕ್ಕಳಿಗೆ ತಾವು ಬರೆದದ್ದು ಕಣ್ಣಿಗೆ ಕಂಡಂತಿಲ್ಲವೆಂಬ ಅತೃಪ್ತಿ ಹುಟ್ಟುತ್ತದೆ, ಚಿತ್ರ ಬಿಟ್ಟುಬಿಡುವವರು ಹೆಚ್ಚಾಗಿ ಆಗಲೇ ಬಿಡುತ್ತಾರೆ. ಕಲಿಸುವವರ ಕೆಲಸ ಶುರುವಾಗುವುದು ಅಲ್ಲಿಂದ. ಆಗ ಕ್ಲಾಸು ಹುಡುಕಿ, ಸೇರಿಸುವ ಮುನ್ನ ಅಲ್ಲಿನ ಮಕ್ಕಳ ಹಾಳೆಗಳನ್ನು ನೋಡಿ ಬನ್ನಿ. ಎಲ್ಲ ಹಾಳೆಗಳಲ್ಲೂ ಅದೇ ಎರಡು ಗುಡ್ಡ, ನಡುವೆ ಅದೇ ಸೂರ್ಯ ಇದ್ದರೆ ಬೇರೆ ಕಡೆ ವಿಚಾರಿಸಿ.

— ಸಂಪಾದಕ